ಸಣ್ಣ ನಾಡಿಗೆ ಉಪಗ್ರಹ ಯಾಕೆ ಬೇಕು?

(ರಾವೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

 

ಮುಂಜಾನೆ ವಾಡಿ ಸ್ಟೇಷನ್ನಿನಲ್ಲಿ ಇಳಿದು ಆಟೊ ಹತ್ತಿದೆ. ಆಟೊದವರು ಕೇಳಿದರು: "ರಾವೂರಾಗ ಏನ್ ಕಾರ್ಯಕ್ರಮ ಅದರಿ ಸರ್?" ಉಪಗ್ರಹದ ಬಗ್ಗೆ ಮಾತಾಡೋದದ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪಗ್ರಹ ಅಂದ್ರ ಬೆಂಗಳೂರು, ಶ್ರೀಹರಿಕೋಟಾ. ರಾವೂರಿಗೂ ಅದಕ್ಕೂ ಏನ್ ಸಂಬಂಧರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ. ದಾರಿ ಸಣ್ಣದು, ಉತ್ತರ ಮುಗಿಯುವ ಮೊದಲೇ ಊರು ಬಂತು. ಉಳಿದ ಉತ್ತರವನ್ನು ಈಗ ನಿಮ್ಮ ಮುಂದೆ ಹೇಳುತ್ತೇನೆ.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಅವ್ವನ ತವರೂರಿನ ಶಾಲೆಗೆ ಒಂದು ಕೊಡೆ ಬಂತು. ಊರಮಂದಿ ಅದಕ್ಕೆ ಕೊಡೆ ಎಂದೇ ಹೆಸರಿಟ್ಟರು. ಹತ್ತು ಫೂಟು ಅಗಲ, ಕಬ್ಬಿಣದ ಕಡ್ಡಿಗಳ ಮೇಲೆ ಕೋಳಿಗೂಡಿಗೆ ಬಡಿಯುವಂಥ ತಂತಿ ಜಾಲರಿ ಬಿಗಿದಿದ್ದರು. ಮಳೆ ತಡೆಯುವ ಕೊಡೆಯಲ್ಲ ಅದು, ಮಳೆ ಹಿಡಿಯುವ ಹಾಗೆ ಮೇಲೆ ಮುಖಮಾಡಿ ನಿಂತಿತ್ತು. ಮುಖ ಪಡುವಣಕ್ಕೆ, ತುಸು ದಕ್ಷಿಣಕ್ಕೆ ವಾಲಿಕೊಂಡು. ಸಂಜೆ ಹೊತ್ತಿನಲ್ಲಿ ಸೂರ್ಯ ಆ ಜಾಲರಿಯ ಎದುರಿಗೆ ಇಳಿಯುವಾಗ ಶಾಲೆಯ ಗೋಡೆ ಮೇಲೆ ಸಣ್ಣ ಸಣ್ಣ ಆರುಮೂಲೆಯ ನೆರಳು ಬೀಳುತ್ತಿತ್ತು. ನಾವು ಹುಡುಗರು ಅದನ್ನು ಬೆರಳಿನಲ್ಲಿ ಎಣಿಸುತ್ತಿದ್ದೆವು. ಒಳಗೆ ಪಡಸಾಲೆಯಲ್ಲಿ 24 ಇಂಚಿನ ಕಪ್ಪು-ಬಿಳುಪು ಟಿ.ವಿ. ಡಬ್ಬಿ. ಮುಂದೆ ಊರಿಗೆ ಊರೇ.

1975ರ ಆಗಸ್ಟ್ 1ರಂದು ಶುರುವಾದ ಆ ಪ್ರಯೋಗದ ಹೆಸರು ಸೈಟ್. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟೆಲಿವಿಷನ್ ಇಳಿಸಿದ ಕೆಲಸ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಜಿಲ್ಲೆಗಳು ಮೂರು: ಗುಲ್ಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲು, ಕೆಲವು ಊರುಗಳಿಗೆ ಸರಿಯಾದ ರಸ್ತೆಯೂ ಇಲ್ಲದ ಕಾಲದಲ್ಲಿ, ನಮ್ಮ ಜಿಲ್ಲೆಯ ರೈತರು ಕಂಬಳಿ ಹೊದ್ದುಕೊಂಡು ಕೂತು ಮುಗಿಲಿನಿಂದ ಬಂದ ಚಿತ್ರ ನೋಡಿದರು. ಈ ಭಾಗವನ್ನು ಹಿಂದುಳಿದದ್ದು ಎಂದು ಕರೆಯುವುದನ್ನು ಕೇಳಿ ಕೇಳಿ ನಾವೇ ಅದನ್ನು ನಂಬಿದ್ದೇವೆ. ಉಪಗ್ರಹದ ಬಳಕೆಯ ಚರಿತ್ರೆ ಬರೆಯುವವರು ಮೊದಲ ಪುಟದಲ್ಲೇ ನಮ್ಮ ಜಿಲ್ಲೆಯ ಹೆಸರು ಬರೆಯಬೇಕಾಗುತ್ತದೆ. ಇದನ್ನು ಮಕ್ಕಳು ತಿಳಿದಿರಲಿ ಎಂಬುದು ನನ್ನ ಆಸೆ.

ಆ ಉಪಗ್ರಹ ನಮ್ಮದಾಗಿರಲಿಲ್ಲ. ಅಮೆರಿಕದ ನಾಸಾ ಸಂಸ್ಥೆ 1974ರ ಮೇ ತಿಂಗಳಲ್ಲಿ ಹಾರಿಸಿದ ಎಟಿಎಸ್-6 ಅದು. ಒಂದು ವರ್ಷದ ಮಟ್ಟಿಗೆ ನಮಗೆ ಕೊಡಬೇಕೆಂದು 1969ರಲ್ಲೇ ಒಪ್ಪಂದವಾಗಿತ್ತು. ಅದರ ಹಿಂದಿದ್ದ ವಿಕ್ರಮ್ ಸಾರಾಭಾಯಿಯವರು ಪ್ರಯೋಗ ನೋಡಲು ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಇನ್ನೊಂದು ಸಂಗತಿ ನೋಡಿ. ಭಾರತದ ಮೊದಲ ಉಪಗ್ರಹ ಆರ್ಯಭಟ ಮೇಲೇರಿದ್ದು ಅದೇ 1975ರ ಏಪ್ರಿಲ್ 19ರಂದು. ಉಡುಪಿ ಹತ್ತಿರದ ಅದಮಾರಿನವರಾದ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಅದನ್ನು ಕಟ್ಟಿತು, ಹಾರಿಸಿದ್ದು ಸೋವಿಯತ್ ರಾಕೆಟ್ಟು. ಅಂದರೆ ಆ ವರ್ಷ ನಮಗೆ ರಾಕೆಟ್ಟೂ ಎರವಲು, ಟಿ.ವಿ. ಉಪಗ್ರಹವೂ ಎರವಲು. ನೆಲದ ಮೇಲೆ ಎಷ್ಟೇ ದೊಡ್ಡದಾಗಿರಲಿ, ಬಾಹ್ಯಾಕಾಶದಲ್ಲಿ ಭಾರತ ಆಗ ಒಂದು ಸಣ್ಣ ದೇಶ. ಇವತ್ತು ಭೂತಾನ, ಮಾರಿಷಸ್, ಶ್ರೀಲಂಕಾ ನಿಂತಿರುವ ಜಾಗದಲ್ಲೇ ನಾವು ನಿಂತಿದ್ದೆವು. ಆದ್ದರಿಂದ ಸಣ್ಣ ದೇಶಕ್ಕೆ ಉಪಗ್ರಹ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ನಮ್ಮ ಶಾಲೆಯ ಪಡಸಾಲೆಯಲ್ಲಿ ಅದು ಒಂದು ವರ್ಷ ನಡೆದಿದೆ.

ಹತ್ತು ಫೂಟಿನ ಜಾಲರಿಗೆ ಅಷ್ಟು ದೂರದ ಚಿತ್ರ ಹೇಗೆ ಸಿಕ್ಕಿತು? ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಹಿಡಿಯುವ ಹೊತ್ತೂ ಭೂಮಿ ಒಮ್ಮೆ ತಿರುಗುವ ಹೊತ್ತೂ ಒಂದೇ. ಹಾಗಾಗಿ ಕೆಳಗಿನವರ ಕಣ್ಣಿಗೆ ಅದು ಒಂದೇ ಕಡೆ ನಿಂತಂತೆ. ಕೊಡೆಯನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕು. ಎರಡನೆಯದು, ಎಟಿಎಸ್-6 ತನ್ನದೇ ಮೂವತ್ತು ಫೂಟಿನ ಕೊಡೆಯನ್ನು ಮೇಲೆ ಬಿಚ್ಚಿಕೊಂಡಿತ್ತು. ಮೇಲಿನ ಕೊಡೆ ದೊಡ್ಡದಾದಷ್ಟೂ ಕೆಳಗಿನದು ಸಣ್ಣದೂ ಅಗ್ಗದ್ದೂ ಆಗಬಹುದು. ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯಲ್ಲಿ ಡಬ್ಬಿಗಳು ತಯಾರಾದವು, ಜಾಲರಿ ಎಲ್ಲಾ ಊರಿನ ಅಂಗಡಿಯಲ್ಲಿ ಸಿಗುವಂಥದ್ದು. ತುಟ್ಟಿಯದೆಲ್ಲ ಮೇಲೆ ಹೋಯಿತು, ಅಗ್ಗದ್ದು ಹಳ್ಳಿಗೆ ಬಂತು. ಬಡ ದೇಶದ ಎಂಜಿನಿಯರುಗಳು ಹಾಕಿದ ಲೆಕ್ಕ ಇದು. ನಾನು ಇದನ್ನು ಪಾಠ ಮಾಡುವಾಗೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕಿದೆ.

ದಿನಕ್ಕೆ ನಾಲ್ಕು ತಾಸು ಕಾರ್ಯಕ್ರಮ. ಮುಂಜಾನೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಊರಮಂದಿಗೆ. ಅಷ್ಟರಲ್ಲೇ ಹಿಂದಿ, ಒಡಿಯಾ, ತೆಲುಗು, ಕನ್ನಡ ಪಾಳಿಯ ಮೇಲೆ ಬರಬೇಕು. ಬೀಜೋಪಚಾರ, ದನಗಳ ರೋಗ, ಬಾಣಂತಿಯ ಆರೈಕೆ, ನಡುವೆ ಹಾಡು, ಬಯಲಾಟ. ನಮ್ಮ ಆಯಿ, ಅಂದರೆ ಅಜ್ಜಿ, ಮೊದಲ ವಾರ ತಪ್ಪದೆ ಹೋದಳು. ಆಮೇಲೊಂದು ದಿನ ಮನೆಯಲ್ಲೇ ಉಳಿದಳು. ಯಾಕ ಆಯಿ ಅಂದರೆ, "ಚಿತ್ರ ಛಲೋ ಅದಾವ. ಆದ್ರ ಅವ್ರು ನಮ್ಮ ಸೀಮಿ ಮಂದಿ ಅಲ್ಲಪ್ಪ, ಅವ್ರ ಮಾತು ಕಿವ್ಯಾಗ ಹೋಗ್ತದ, ಒಳಗ ಇಳಿವಲ್ದು" ಅಂದಳು. ಐವತ್ತು ವರ್ಷವಾಯಿತು. 36,000 ಕಿ.ಮೀ. ದಾಟಿ ಬಂದ ಮಾತು ಕಿವಿಯಿಂದ ಒಳಗಿಳಿಯುವ ಕೊನೆಯ ನಾಲ್ಕು ಇಂಚಿನಲ್ಲಿ ನಿಂತುಹೋಯಿತು ಎಂದು ಆಕೆ ಹೇಳಿದ್ದು. ಬಾಹ್ಯಾಕಾಶದ ಬಗ್ಗೆ ಇದಕ್ಕಿಂತ ನೆಟ್ಟಗಿನ ಮಾತನ್ನು ನಾನು ಪುಸ್ತಕದಲ್ಲಿ ಓದಿಲ್ಲ.

1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಎಟಿಎಸ್-6 ತನ್ನ ದೇಶದ ಕಡೆಗೆ ಸರಿಯಿತು. ಡಬ್ಬಿ ಇತ್ತು, ಕೊಡೆ ಇತ್ತು, ಮೇಲಿದ್ದದ್ದು ಹೋಗಿತ್ತು. ಮರುವರ್ಷ, 1977ರಲ್ಲಿ, ಗುಲ್ಬರ್ಗಾದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಬಂತು. ಕರ್ನಾಟಕದ ನೆಲದ ಮೊದಲ ಟಿ.ವಿ. ಕೇಂದ್ರ ಅದು. ಆದರೆ ಅವ್ವನ ತವರೂರು ಅದರ ಅಳತೆಗೆ ಸಿಗಲಿಲ್ಲ. ನಾನು ರಜೆಗೆ ಹೋದಾಗ ಜಾಲರಿಯ ಮೇಲೆ ಹೀರೆಬಳ್ಳಿ ಹಬ್ಬಿತ್ತು, ಹಳದಿ ಹೂ ಬಿಟ್ಟಿತ್ತು.

ಆ ಒಂದು ವರ್ಷ ಎಟಿಎಸ್-6 ನಿಂತಿದ್ದು 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಕೀನ್ಯಾ ದೇಶದ ನೆತ್ತಿಯ ಮೇಲೆ. ನಮ್ಮ ಕೊಡೆ ಪಡುವಣಕ್ಕೆ ನೋಡುತ್ತಿದ್ದದ್ದು ಅದಕ್ಕೇ. ಉಪಗ್ರಹ ಅಲ್ಲಿಂದ ಸರಿದ ನಾಲ್ಕೇ ತಿಂಗಳಿಗೆ, 1976ರ ಡಿಸೆಂಬರಿನಲ್ಲಿ, ಭೂಮಧ್ಯರೇಖೆಯ ಮೇಲಿರುವ ಎಂಟು ದೇಶಗಳು ಕೊಲಂಬಿಯಾದ ಬೊಗೊಟಾ ನಗರದಲ್ಲಿ ಸೇರಿ, ನಮ್ಮ ನೆತ್ತಿಯ ಮೇಲಿನ ಆ ಕಕ್ಷೆ ನಮ್ಮದು ಎಂದು ಘೋಷಿಸಿದವು. ಕೀನ್ಯಾ ಅವುಗಳಲ್ಲಿ ಒಂದು. ಜಗತ್ತು ಆ ಹಕ್ಕನ್ನು ಒಪ್ಪಲಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಆ ಜಾಗ ಯಾವ ದೇಶದ ಸ್ವತ್ತೂ ಅಲ್ಲ. ಕಾನೂನು ಸರಿಯೇ ಇರಬಹುದು. ಆದರೂ ಆ ಎಂಟು ದೇಶಗಳ ಅಳಲನ್ನು ನಾನು ಹಗುರಾಗಿ ಕಾಣಲಾರೆ. ಮೊದಲು ಏರಿದವರು ಒಳ್ಳೆ ಜಾಗ ಹಿಡಿದುಬಿಟ್ಟರೆ ತಡವಾಗಿ ಬಂದವರಿಗೆ ಏನು ಉಳಿಯುತ್ತದೆ ಎಂಬ ಭಯ ಅದರಲ್ಲಿತ್ತು. ಸಂತೆಯಲ್ಲಿ ತಡವಾಗಿ ಬಂದು ಬಿಸಿಲಿನಲ್ಲಿ ಅಂಗಡಿ ಹಚ್ಚಿದವರಿಗೆ ಅದು ಗೊತ್ತಾಗುತ್ತದೆ.

ಈಗ ಅಳತೆಯ ಮಾತು. ನಮ್ಮ ಕಲಬುರಗಿ ಜಿಲ್ಲೆಯ ವಿಸ್ತೀರ್ಣ ಸುಮಾರು 10,950 ಚದರ ಕಿ.ಮೀ. ಕೆರಿಬಿಯನ್ ಸಮುದ್ರದ ಜಮೈಕಾ ದೇಶ ಹೆಚ್ಚುಕಡಿಮೆ ಅಷ್ಟೇ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 25 ಲಕ್ಷ ದಾಟಿದ್ದರು. ಭೂತಾನಕ್ಕೆ ಅದರ ಮೂರನೆಯ ಒಂದು ಪಾಲೂ ಇಲ್ಲ. ಯುರೋಪಿನ ಲಕ್ಸೆಂಬರ್ಗ್ ನಮ್ಮ ಜಿಲ್ಲೆಯ ಕಾಲು ಭಾಗದಷ್ಟಿಲ್ಲ. ಆದರೆ 1985ರಲ್ಲಿ ಅಲ್ಲಿ ಶುರುವಾದ ಎಸ್‌ಇಎಸ್ ಕಂಪನಿ ಇವತ್ತು ಜಗತ್ತಿನ ದೊಡ್ಡ ಉಪಗ್ರಹ ಕಂಪನಿಗಳಲ್ಲೊಂದು. ಲಕ್ಸೆಂಬರ್ಗಿನ ಬಳಿ ದುಡ್ಡಿತ್ತು, ಸುತ್ತ ಶ್ರೀಮಂತ ನೆರೆಯವರಿದ್ದರು. ಆ ದಾರಿ ಎಲ್ಲರಿಗೂ ಸಿಗುವುದಿಲ್ಲ. ನನಗೆ ಹೆಚ್ಚು ಹತ್ತಿರ ಅನ್ನಿಸುವುದು ಭೂತಾನದ ದಾರಿ. 2017ರ ಮೇ 5ರಂದು ಭಾರತ ಹಾರಿಸಿದ ದಕ್ಷಿಣ ಏಷ್ಯಾ ಉಪಗ್ರಹದ ಪಾಲು ಅವರಿಗೂ ಸಿಕ್ಕಿತು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ತಮ್ಮ ಎಂಜಿನಿಯರುಗಳನ್ನು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಕಲಿಯಲು ಕಳಿಸಿದರು. 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54 ರಾಕೆಟ್ಟು ಭಾರತ ಮತ್ತು ಭೂತಾನ ಕೂಡಿ ಮಾಡಿದ ಪುಟ್ಟ ಉಪಗ್ರಹವನ್ನು ಹೊತ್ತೊಯ್ದಿತು. ತೂಕ ಒಂದು ಸಣ್ಣ ಚೀಲ ತೊಗರಿಯಷ್ಟು, ಇಪ್ಪತ್ತು ಕಿಲೋ ಒಳಗೆ. ತಮ್ಮ ಕಾಡನ್ನೂ ಕಣಿವೆಯನ್ನೂ ತಾವೇ ನೋಡಿ ತಾವೇ ಓದುವ ಕೆಲಸ ಅದರದು. ಎಟಿಎಸ್-6 ಹೋದಾಗ ನಮ್ಮ ಊರಿನಲ್ಲಿ ಬಳ್ಳಿ ಹಬ್ಬಿದ ಕೊಡೆ ಉಳಿಯಿತು. ಭೂತಾನದ ಪುಟ್ಟ ಉಪಗ್ರಹದ ಆಯುಷ್ಯ ಮುಗಿದರೂ ಅಲ್ಲಿ ಅದನ್ನು ಕಟ್ಟಲೂ ಓದಲೂ ಬಲ್ಲ ಹುಡುಗ ಹುಡುಗಿಯರು ಉಳಿಯುತ್ತಾರೆ. ಸಣ್ಣ ನಾಡು ಉಪಗ್ರಹಕ್ಕೆ ಖರ್ಚು ಮಾಡುವುದಾದರೆ ಮೊದಲ ರೂಪಾಯಿ ಓದುವವರ ಮೇಲೆ ಹಾಕಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ. ಮುಂದೆ ಹೇಳುವುದೆಲ್ಲ ಇದಕ್ಕೆ ಪುರಾವೆ.

ಪುರಾವೆಗೆ ಹೋಗುವ ಮೊದಲು ಶ್ರೀಲಂಕಾದ ಒಂದು ಸಂಗತಿ ನೆನಪಾಗುತ್ತದೆ. 36,000 ಕಿ.ಮೀ. ಎತ್ತರದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಂದ ಇಡೀ ಜಗತ್ತಿಗೆ ಮಾತು ಕಳಿಸಬಹುದು ಎಂದು 1945ರಲ್ಲೇ ಲೇಖನ ಬರೆದ ಆರ್ಥರ್ ಸಿ. ಕ್ಲಾರ್ಕ್ ಕೊಲಂಬೊದಲ್ಲಿ ನೆಲೆಸಿದ್ದರು. ಸೈಟ್ ನಡೆಯುವಾಗ ನಮ್ಮ ಇಸ್ರೊ ಎಂಜಿನಿಯರುಗಳು ಅವರ ಮನೆಗೂ ಒಂದು ಕೊಡೆ, ಒಂದು ಡಬ್ಬಿ ಕೊಂಡೊಯ್ದು ಹಚ್ಚಿಕೊಟ್ಟರು. ಮೂವತ್ತು ವರ್ಷದ ಹಿಂದೆ ತಾವು ಕಾಗದದ ಮೇಲೆ ಕಂಡದ್ದನ್ನು ಆ ಮುದುಕರು ತಮ್ಮ ಮನೆಯಲ್ಲೇ ಕೂತು ನೋಡಿದರು.

ಎಲ್ಲ ಉಪಗ್ರಹಗಳೂ ಅಷ್ಟು ಎತ್ತರದಲ್ಲಿಲ್ಲ. ನೆಲದ ಚಿತ್ರ ತೆಗೆಯುವವು ಐದುನೂರರಿಂದ ಒಂಬೈನೂರು ಕಿ.ಮೀ. ಎತ್ತರದಲ್ಲಿ, ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಸುತ್ತುತ್ತವೆ. ಸುತ್ತುವ ದಾರಿ ಪೂರ್ತಿ ದುಂಡಗಿರುವುದಿಲ್ಲ, ತುಸು ಚಪ್ಪಟೆಯಾದ ದೀರ್ಘವೃತ್ತ. ಸೇಡಂ ತಾಲ್ಲೂಕಿನ ಮಕ್ಕಳು ಇಲ್ಲಿ ಕಿವಿಗೊಡಬೇಕು. ಕಾಗಿಣಾ ದಂಡೆಯ ನಿಮ್ಮ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ತನ್ನ ಗ್ರಂಥ ಶುರುಮಾಡಿದವನು ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ. ಅವನ ಗಣಿತಸಾರಸಂಗ್ರಹದಲ್ಲಿ ಆಯತವೃತ್ತ ಎಂಬ ಆಕೃತಿ ಬರುತ್ತದೆ, ಉದ್ದಕ್ಕೆ ಎಳೆದ ವೃತ್ತ. ಅದರ ಸುತ್ತಳತೆಗೆ ಅವನು ಕೊಟ್ಟ ಸೂತ್ರ ನಿಖರವಲ್ಲ, ಅಂದಾಜಿಗೆ ಮಾತ್ರ ಸಾಕು. ಆದರೆ ನಮ್ಮ ಪ್ರಾಚೀನ ಗಣಿತಜ್ಞರಲ್ಲಿ ಆ ಆಕೃತಿಯನ್ನು ಕೈಗೆತ್ತಿಕೊಂಡವನು ಅವನು. ಅವನಿಗೆ ಉಪಗ್ರಹ ಗೊತ್ತಿತ್ತು ಎಂದು ಯಾರೂ ಹೇಳಬಾರದು, ಅದು ಸುಳ್ಳು. ಅವನು ಕುತೂಹಲಕ್ಕಾಗಿ ಅಳೆದ. ಅದು ಸಾಲದೆ?

ಇಷ್ಟು ಹೊತ್ತಿಗೆ ಹಿಂದಿನ ಸಾಲಿನ ಅಣ್ಣನವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ: ನನ್ನ ಹೊಲ ಕಾಣ್ತದೇನ್ರಿ? ಕಾಣುತ್ತದೆ, ಈಗ ಕಾಣುತ್ತದೆ. 1988ರ ಮಾರ್ಚ್ 17ರಂದು ನಮ್ಮ ಐಆರ್‌ಎಸ್-1ಎ ಏರಿದಾಗ ಅದರ ಒಂದು ಕ್ಯಾಮೆರಾದ ಒಂದು ಚುಕ್ಕೆ ನೆಲದ ಮೇಲೆ 72.5 ಮೀಟರು ಉದ್ದ, ಅಷ್ಟೇ ಅಗಲ. ಲೆಕ್ಕ ಹಾಕಿ, ಒಂದೂಕಾಲು ಎಕರೆಗಿಂತ ಹೆಚ್ಚು. ಅಷ್ಟೂ ನೆಲಕ್ಕೆ ಒಂದೇ ಬಣ್ಣ. ಜಿಲ್ಲೆಯ ಬರ ಕಾಣುತ್ತಿತ್ತು, ನಿಮ್ಮ ಬದು ಕಾಣುತ್ತಿರಲಿಲ್ಲ. ಈಗ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ, ಮುಂಜಾನೆ ಹತ್ತೂವರೆ ಸುಮಾರಿಗೆ, ನಮ್ಮ ಮೇಲೆ ಹಾದುಹೋಗುತ್ತವೆ. ಅವುಗಳ ಒಂದು ಚುಕ್ಕೆ ಹತ್ತು ಮೀಟರಿಗೆ ಹತ್ತು ಮೀಟರು, ನೂರು ಚದರ ಮೀಟರು. ನಮ್ಮ ಅಳತೆಯಲ್ಲಿ ಅದು ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ ನಲವತ್ತು ಚುಕ್ಕೆ. ಯಾರೋ ನಮ್ಮ ಪಹಣಿ ನೋಡಿ ಮಾಡಿದ ಹಾಗಿದೆ. ಆ ಚಿತ್ರ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ನಮ್ಮದೇ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಚಿತ್ರ ಇಳಿಯುವುದು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದ ಶಾದ್‌ನಗರದ ಆಂಟೆನಾಗಳಿಗೆ. ಶಾದ್‌ನಗರ ಎಲ್ಲಿದೆ ಗೊತ್ತೇ? ಇಲ್ಲಿಂದ ನೇರ ಪೂರ್ವಕ್ಕೆ, ಸುಮಾರು 130 ಕಿ.ಮೀ. ನಿಮ್ಮ ಹೊಲದ ಬೆಳಕು ಮುಗಿಲಿಗೆ ಹೋಗಿ ಇಳಿಯುವುದು ನಮ್ಮ ನೆರೆಯಲ್ಲೇ.

ಹಸಿರು ಎಲೆ ಸೂರ್ಯನ ಕೆಂಪು ಬೆಳಕನ್ನು ಉಣ್ಣುತ್ತದೆ. ಕೆಂಪಿನಾಚೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಮಾತ್ರ ತಿರುಗಿ ಎಸೆಯುತ್ತದೆ. ಗಿಡ ಆರೋಗ್ಯವಾಗಿದ್ದಷ್ಟೂ ಈ ಎರಡರ ಅಂತರ ಹೆಚ್ಚು. ನೆಟೆ ರೋಗ ತಗುಲಿ ತೊಗರಿ ಒಣಗತೊಡಗಿದರೆ ಅಂತರ ಕುಗ್ಗುತ್ತದೆ. ಉಪಗ್ರಹ ಎರಡನ್ನೂ ಅಳೆದು ಒಂದು ಅಂಕಿ ಕೊಡುತ್ತದೆ. ಒಂದು ಹಂಗಾಮಿನ ಅಂಕಿಗಳನ್ನು ಸಾಲಾಗಿ ಇಟ್ಟರೆ ಹೊಲದ ನಾಡಿ ಬಡಿತ ಸಿಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಲಿತದ್ದು ಮನೆಯಲ್ಲಿ. ನಮ್ಮ ಕಾಕಾನ ಮಗ ನಾಲ್ಕು ಎಕರೆಯಲ್ಲಿ ತೊಗರಿ ಹಾಕಿದ್ದ, ಸಾಲಿನ ನಡುವೆ ಹೆಸರು. ಬೆಳೆ ಸಮೀಕ್ಷೆಗೆ ಬಂದವರು ಜುಲೈಯಲ್ಲಿ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಫೋಟೊ ಹೊಡೆದರು. ಆಗ ಎದ್ದು ಕಾಣುವುದು ಹೆಸರು, ತೊಗರಿ ಇನ್ನೂ ಗೇಣುದ್ದ. ದಾಖಲೆಯಲ್ಲಿ ಬರೀ ಹೆಸರು ಅಂತ ಬಿತ್ತು. ಅವನು ವಿಮೆ ತುಂಬಿದ್ದು ತೊಗರಿಗೆ. ಆ ವರ್ಷ ಹೂವಿನ ಹೊತ್ತಿಗೆ ನೆಟೆ ಹೊಡೆಯಿತು. ಅರ್ಜಿ ಕೊಟ್ಟರೆ, ನಿನ್ನ ಹೊಲದಲ್ಲಿ ತೊಗರಿಯೇ ಇಲ್ಲವಲ್ಲ ಅಂದರು. ಒಣಗಿದ ತೊಗರಿ ಗಿಡವನ್ನು ಬೇರುಸಹಿತ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದ. ಅದನ್ನು ಮೇಜಿನ ಮೇಲೆ ಇಡಲು ಬಿಡಲಿಲ್ಲ, ಮಣ್ಣಾಗುತ್ತದೆ ಎಂದು.

ನಾನು ಆ ಹೊಲದ ಚಿತ್ರಗಳನ್ನೆಲ್ಲ ಇಳಿಸಿಕೊಂಡು ಕೂತೆ. ಮಳೆಗಾಲದಲ್ಲಿ ಮೋಡ ಅಡ್ಡ ಬಂದು ಅರ್ಧಕ್ಕರ್ಧ ಚಿತ್ರ ಕೆಲಸಕ್ಕೆ ಬರಲಿಲ್ಲ. ಉಳಿದವನ್ನು ಜೋಡಿಸಿದೆ. ಜುಲೈನಿಂದ ಹಸಿರು ಏರಿತ್ತು, ಆಗಸ್ಟ್ ಕೊನೆಗೆ ಹೆಸರು ಕಿತ್ತಾಗ ಇಳಿಯಿತು. ಬರೀ ಹೆಸರಿನ ಹೊಲವಾಗಿದ್ದರೆ ಅಲ್ಲಿಗೆ ಮುಗಿಯಬೇಕು. ಇದು ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಏರಿತು, ಅಕ್ಟೋಬರಿನಲ್ಲಿ ದಟ್ಟವಾಯಿತು. ಅದು ತೊಗರಿ, ಇನ್ನೇನೂ ಇರಲು ಸಾಧ್ಯವಿಲ್ಲ. ನವೆಂಬರಿನಲ್ಲಿ ಹೊಲದ ಪಡುವಣ ಮೂಲೆಯಿಂದ ಹಸಿರು ಆರುತ್ತಾ ಬಂತು, ಗುಂಟೆ ಗುಂಟೆಯಾಗಿ. ನನ್ನ ತಮ್ಮನ ನಷ್ಟವನ್ನು ಮುಗಿಲಿನಲ್ಲಿ ಯಾರೋ ದಿನಚರಿ ಬರೆದಂತೆ ಬರೆದಿಟ್ಟಿದ್ದರು. ಆ ಹಾಳೆ ಹಿಡಿದು ಇಬ್ಬರೂ ಮತ್ತೆ ಕಚೇರಿಗೆ ಹೋದೆವು. ಅಲ್ಲಿದ್ದವರು ನೋಡಿದರು, ಛಲೋ ಅದ ಅಂದರು, ಇದನ್ನು ಪುರಾವೆ ಎಂದು ತೆಗೆದುಕೊಳ್ಳುವ ಕಾಲಮ್ಮು ಅರ್ಜಿಯಲ್ಲಿ ಇಲ್ಲ ಅಂದರು.

ಆ ಮಾತನ್ನು ನಾನು ಮರೆತಿಲ್ಲ. ಉಪಗ್ರಹವಿದೆ, ಚಿತ್ರವಿದೆ, ಚಿತ್ರ ಪುಕ್ಕಟೆ ಇದೆ. ಒಂದು ಕಾಲಮ್ಮು ಇಲ್ಲ. ನಮ್ಮ ಆಯಿಯ ನಾಲ್ಕು ಇಂಚು ಇದೇ. 2023ರ ಮುಂಗಾರಿನಿಂದ ಫಸಲು ವಿಮೆಯ ಇಳುವರಿ ಲೆಕ್ಕಕ್ಕೆ ದೇಶದಲ್ಲಿ ಉಪಗ್ರಹದ ಅಂದಾಜನ್ನೂ ಸೇರಿಸತೊಡಗಿದ್ದಾರೆ, ಮೊದಲು ಸೇರಿದ್ದು ಭತ್ತ ಮತ್ತು ಗೋಧಿ. ತೊಗರಿ ಕಷ್ಟದ ಬೆಳೆ. ನಾವು ಒಂದನ್ನೇ ಬಿತ್ತುವುದಿಲ್ಲ, ಅಕ್ಕಡಿ ಹಾಕುತ್ತೇವೆ, ಹೊಲ ಸಣ್ಣ, ಮುಂಗಾರಿನಲ್ಲಿ ಮೋಡ. ಹಾಗೆಂದು ಬಿಡುವಂತಿಲ್ಲ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಈ ನೆಲದ ಹೆಸರು ಹೊತ್ತ ಬೇಳೆಯ ಹಸಿರನ್ನು ಓದುವ ವಿದ್ಯೆಯೂ ಈ ನೆಲದಲ್ಲೇ ಬೆಳೆಯಬೇಕು. ದೂರದ ಊರಿನಲ್ಲಿ ಕೂತವರಿಗೆ ಅಕ್ಕಡಿ ಸಾಲು ಅಂದರೇನು ಎಂದು ನಾವೇ ಹೇಳಿಕೊಡಬೇಕು.

ಮೋಡಕ್ಕೆ ಮದ್ದು ರಾಡಾರ್. ಅದು ಸೂರ್ಯನ ಬೆಳಕಿಗೆ ಕಾಯುವುದಿಲ್ಲ, ತಾನೇ ರೇಡಿಯೊ ಅಲೆ ಬಿಟ್ಟು ಅದರ ಮಾರ್ದನಿ ಕೇಳುತ್ತದೆ. ರಾತ್ರಿಯಲ್ಲೂ ಕಾಣುತ್ತದೆ, ಮೋಡದ ಮೂಲಕವೂ ಕಾಣುತ್ತದೆ. 2020ರ ಅಕ್ಟೋಬರನ್ನು ಇಲ್ಲಿ ಯಾರೂ ಮರೆತಿರಲಾರರು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ನೇ ತಾರೀಕು ಆಂಧ್ರದ ಕರಾವಳಿ ದಾಟಿ ತೆಲಂಗಾಣದ ಮೇಲಿಂದ ನಮ್ಮ ಕಡೆಗೆ ಬಂತು. ಕಾಗಿಣಾ ಉಕ್ಕಿದಳು, ಬೆನ್ನಿಗೇ ಭೀಮಾ. ಅಂಥ ದಿನ ಬಣ್ಣದ ಕ್ಯಾಮೆರಾಕ್ಕೆ ಕಾಣುವುದು ಬರೀ ಬಿಳಿ ಮೋಡ. ರಾಡಾರಿಗೆ ನಿಂತ ನೀರು ಕಪ್ಪಾಗಿ, ಊರು ಬೆಳ್ಳಗೆ ಕಾಣುತ್ತದೆ. ನೀರು ಎಲ್ಲಿವರೆಗೆ ಬಂದಿದೆ ಎಂಬ ಗೆರೆ ಎಳೆಯಬಹುದು. ನಮ್ಮ ಇಒಎಸ್-04 2022ರ ಫೆಬ್ರವರಿಯಲ್ಲಿ ಏರಿದೆ. 2025ರ ಜುಲೈ 30ರಂದು ನಾಸಾ ಮತ್ತು ಇಸ್ರೊ ಕೂಡಿ ಕಟ್ಟಿದ ನಿಸಾರ್ ಏರಿದೆ, ಅದು ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗ ನೋಡುತ್ತದೆ. 1975ರಲ್ಲಿ ಉಪಗ್ರಹ ಎರವಲು ಕೊಟ್ಟವರ ಜೊತೆ ಐವತ್ತು ವರ್ಷಕ್ಕೆ ಸರಿಸಮ ಕೂತು ಕಟ್ಟಿದ್ದು. ಆ ದಿನ ನಾನು ಟಿ.ವಿ. ಮುಂದೆ ಒಬ್ಬನೇ ಕೂತು ಅತ್ತೆ.

ಉಪಗ್ರಹ ನಿಮ್ಮ ಜೇಬಿನಲ್ಲೂ ಕೆಲಸ ಮಾಡುತ್ತಿದೆ: ದಿಶಾಂಕ್ ಆ್ಯಪ್ ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿದೆ. ಹೊಲದಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ಹೇಳುತ್ತದೆ. ಒಂದು ಎಚ್ಚರಿಕೆ: ಮೊಬೈಲಿನ ಜಿಪಿಎಸ್ ಐದು-ಹತ್ತು ಮೀಟರು ಆಚೀಚೆ ಆಗಬಹುದು. ಅದನ್ನು ನಂಬಿ ಅಣ್ಣ-ತಮ್ಮ ಬದು ಕೆದರಬೇಡಿ, ಮೋಜಣಿದಾರರನ್ನು ಕರೆಸಿ.  

ಕೊನೆಗೆ ನಿಮ್ಮೂರಿಗೆ ಬರುತ್ತೇನೆ. ಈ ಪರದೆಯ ಮೇಲಿರುವುದು ರಾವೂರು ಮತ್ತು ಸುತ್ತಲಿನ ಚಿತ್ರ, ಮಳೆಗಾಲ ಮುಗಿದ ಮೇಲೆ ತೆಗೆದದ್ದು. ಅವಕೆಂಪು ಬೆಳಕಿನಲ್ಲಿ ನೋಡಿದ್ದರಿಂದ ಬೆಳೆ ಕೆಂಪಾಗಿ ಕಾಣುತ್ತದೆ. ಬಿಳಿಚಿದ ಜಾಗಗಳೆಲ್ಲ ಕಲ್ಲಿನ ಪುಡಿ. ಇಡೀ ನಾಡಿನ ಅಂಗಳಕ್ಕೆ ಹಾಸಿದ ಶಹಾಬಾದ ಪರ್ಸಿ ಎದ್ದದ್ದು ಇಂಥ ಜಾಗಗಳಿಂದ. ನಡುನಡುವೆ ಗೆರೆ ಹೊಡೆದಂತೆ ನೆಟ್ಟಗಿನ ಅಂಚಿನ ಕಪ್ಪು ಚೌಕಗಳಿವೆಯಲ್ಲ, ಅವು ಕಲ್ಲು ತೆಗೆದು ಬಿಟ್ಟ ಗುಂಡಿಗಳು. ನೀರು ಅವಕೆಂಪು ಬೆಳಕನ್ನು ನುಂಗುತ್ತದೆ, ಅದಕ್ಕೇ ಕಪ್ಪು. ಯಾವ ಗುಂಡಿಯಲ್ಲಿ ನೀರಿದೆ, ಯಾವ ತಿಂಗಳು ಆರುತ್ತದೆ, ಶಾಲೆಗೆ ಹೋಗುವ ದಾರಿಯಿಂದ ಎಷ್ಟು ದೂರ, ಎಲ್ಲವನ್ನೂ ಈ ಚಿತ್ರ ಹೇಳುತ್ತದೆ. ಈಜಲು ಹೋದ ಮಕ್ಕಳು ಇಂಥ ಗುಂಡಿಗಳಲ್ಲಿ ಮುಳುಗಿದ ಸುದ್ದಿ ಓದಿದಾಗೆಲ್ಲ ನನ್ನ ಕಣ್ಣ ಮುಂದೆ ಈ ಕಪ್ಪು ಚೌಕ ಬರುತ್ತದೆ. ಆಳ ಎಷ್ಟು ಎಂಬುದನ್ನು ಚಿತ್ರ ಹೇಳುವುದಿಲ್ಲ. ಕಪ್ಪು ಕಪ್ಪೇ, ಮೊಣಕಾಲುದ್ದವೂ ಒಂದೇ, ಆಳುದ್ದವೂ ಒಂದೇ. ಅದನ್ನು ಹೇಳಬಲ್ಲವರು ಹಾರಿ, ಸುತ್ತಿಗೆ ಹಿಡಿದು ಪದರು ಪದರಾಗಿ ಕಲ್ಲೆಬ್ಬಿಸಿದವರು. ಅವರಲ್ಲಿ ಕೆಲವರು ಇಲ್ಲೇ ಕೂತಿದ್ದಾರೆ. ಈ ಚಿತ್ರದ ದೊಡ್ಡ ಪ್ರತಿಯೊಂದನ್ನು ತಂದಿದ್ದೇನೆ, ಶಾಲೆಗೆ ಕೊಟ್ಟು ಹೋಗುತ್ತೇನೆ.

(ಉಪನ್ಯಾಸ ಮುಗಿದ ಮೇಲೆ ನಡೆದದ್ದನ್ನೂ ಇಲ್ಲಿ ಸೇರಿಸಬೇಕು. ಚಿತ್ರವನ್ನು ಮೇಜಿನ ಮೇಲೆ ಹಾಸಿ ನಾಲ್ಕು ಮೂಲೆಗೆ ಪುಸ್ತಕ ಇಟ್ಟಿದ್ದೆವು. ಮೂರನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದರು. ಬಹಳ ಹೊತ್ತು ಬಗ್ಗಿ ನೋಡಿದರು. ಮೊದಲು ಗುಡಿ ಹುಡುಕಿದರು, ಗುಡಿಯಿಂದ ದಾರಿ ಹಿಡಿದು ಬೆರಳು ನಿಧಾನಕ್ಕೆ ಸರಿಸುತ್ತಾ ಒಂದು ಕಪ್ಪು ಚೌಕದ ಮೇಲೆ ನಿಲ್ಲಿಸಿದರು. "ಇದು ನಾ ತೋಡಿದ್ದದ. ಎರಡಾಳು ನೀರದ. ಈ ಕಡಿಂದ ಇಳೀಲಿಕ್ಕ ಬರ್ತದ, ಆ ಕಡಿ ನೆಟ್ಟಗ ಅದ, ಬಿದ್ರ ಏರ್ಲಿಕ್ಕ ಬರಂಗಿಲ್ಲ" ಅಂದರು. ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಪೆನ್ನು ತೆಗೆದು ಆ ಚೌಕದ ಪಕ್ಕ ಎರಡಾಳು ಎಂದು ಬರೆದಳು. "ಮುಂದಿಂದು ಹೇಳ್ರಿ ಮುತ್ಯಾ" ಅಂದಳು. ಬೆರಳು ಪಕ್ಕದ ಚೌಕಕ್ಕೆ ಹೋಯಿತು.)